ಮೇಲಿನ ಮನೆಯವರಿಗೆ

ಕೆಳಗಿನ ಮನೆ
ಗುರುವಾರ ಬೆಳಿಗ್ಗೆ, ಹಾಲು ಬಂದ ಮೇಲೆ

ಮೇಲಿನ ಮನೆಯವರಿಗೆ ಕೆಳಗಿನ ಮನೆಯವಳ ನಮಸ್ಕಾರ.

ಬುಟ್ಟಿ ಮೇಲೆಳೆದುಕೊಂಡಾಗ ಹಾಲಿನ ಪ್ಯಾಕೆಟ್ಟಿನ ಕೆಳಗೆ ಈ ಕಾಗದ ಸಿಕ್ಕಿರಬೇಕು. ಮೊದಲು ಹಾಲು ಕಾಯಿಸಿ. ಆಮೇಲೆ ಕೂತು ಓದಿ, ನಿಂತುಕೊಂಡು ಓದಬೇಡಿ. ಕನ್ನಡಕ ಹಾಕಿಕೊಳ್ಳಿ. ಗಡಿಯಾರ ಬಿಚ್ಚುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಆ ಭೂತಗನ್ನಡಿಯಲ್ಲಿ ಓದಿದರೆ ನನ್ನ ಅಕ್ಷರ ಒಂದೊಂದೂ ಎಮ್ಮೆ ಗಾತ್ರ ಕಾಣುತ್ತದೆ, ನಾನು ಕೂಗಾಡುತ್ತಿದ್ದೇನೆ ಎಂದುಕೊಳ್ಳುತ್ತೀರಿ. ಕೂಗಾಡುತ್ತಿಲ್ಲ. ಕೂಗಾಡುವಷ್ಟು ಉಸಿರು ನನಗಿಲ್ಲ ಎನ್ನುವುದೇ ಈ ಕಾಗದದ ವಿಷಯ.

ನಿನ್ನೆ ಸಂಜೆ ನೀವು ನನ್ನ ಬಾಗಿಲ ಸಂದಿಯಿಂದ ಒಳಗೆ ತೂರಿಸಿದ ಮುಚ್ಚಳಿಕೆ ಸಿಕ್ಕಿತು. ‘ಕೆಳಗಿನ ಮನೆಯಲ್ಲಿ ವಾಸವಾಗಿರುವ ಸದರಿ ಮಹಿಳೆಗೂ ನನಗೂ ಯಾವುದೇ ಸಂಬಂಧ ಇರುವುದಿಲ್ಲ’ ಎಂದು ಬರೆದು ಸಹಿ ಹಾಕಿದ್ದೀರಿ. ನನ್ನ ಸಹಿಗೆ ಕೆಳಗೆ ಜಾಗ ಬಿಟ್ಟಿದ್ದೀರಿ. ಇಷ್ಟು ಚೆನ್ನಾದ ಕಚೇರಿ ಭಾಷೆ ನಿಮಗೆ ಯಾರು ಹೇಳಿಕೊಟ್ಟರೋ ಕಾಣೆ. ಅಕ್ಷರ ಮಾತ್ರ ನಿಮ್ಮದಲ್ಲ ಎನ್ನುವಷ್ಟು ಸೊಟ್ಟಗಿತ್ತು. ಸದರಿ ಮಹಿಳೆ ಅದನ್ನು ಎರಡು ಸಲ ಓದಿದಳು. ಒಂದು ಸಲ ನಗು ಬಂತು, ಇನ್ನೊಂದು ಸಲ ಬರಲಿಲ್ಲ. ಸಹಿ ಹಾಕಲಿಲ್ಲ, ಹಾಕುವುದೂ ಇಲ್ಲ.

ಯಾಕೆ ಎಂದು ಹೇಳುತ್ತೇನೆ, ಕೊನೆಯವರೆಗೂ ಓದಿ. ಮಧ್ಯದಲ್ಲಿ ಸಿಟ್ಟು ಬಂದು ಇಳಿದು ಹೋಗುವ ಪ್ರಯಾಣಿಕರನ್ನು ಕಂಡಕ್ಟರ್ ಸರ್ವಿಸಿನುದ್ದಕ್ಕೂ ನೋಡಿದವಳು ನಾನು. ಅಂಥವರಿಗೆ ಉಳಿದ ಚಿಲ್ಲರೆ ಕೊಡುವ ಪದ್ಧತಿ ನನ್ನ ಬಸ್ಸಿನಲ್ಲಿ ಇರಲಿಲ್ಲ. ನಿಮಗೆ ಗೊತ್ತಿರುವುದನ್ನೂ ಸೇರಿಸಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ನೋಡಿದ್ದು ಮೆಟ್ಟಿಲ ಮೇಲಿನಿಂದ. ಕೆಳಗಿನಿಂದ ನೋಡಿದರೆ ಅದೇ ಬೇರೆ ಕಾಣುತ್ತದೆ.

ಈ ವರ್ಷದ ಮೊದಲಲ್ಲಿ ಡಾಕ್ಟರಮ್ಮ ನನ್ನ ಎದೆಗೆ ಕೊಳವೆ ಇಟ್ಟು ಕೇಳಿದರು. ಹಳೆಯ ಬಸ್ಸಿನ ಎಂಜಿನ್ ಕೇಳಿಸಿಕೊಂಡ ಮೆಕ್ಯಾನಿಕ್ಕಿನ ಹಾಗೆ ತಲೆ ಅಲ್ಲಾಡಿಸಿದರು. ಬಿ.ಪಿ. ಮಾತ್ರೆ ಮೊದಲಿನಿಂದ ಇದ್ದದ್ದೇ. ಅದರ ಜೊತೆಗೆ ಬೆಳಿಗ್ಗೆ ಸಂಜೆ ಸೇದಲು ಉಸಿರಿನ ಪಂಪು ಬರೆದರು. ಮೆಡಿಕಲ್ ಅಂಗಡಿಯಲ್ಲಿ ಅದರ ಬೆಲೆ ಕೇಳಿದಾಗಲೇ ಒಂದು ಸಲ ಉಸಿರು ನಿಂತಿತು. ನನ್ನ ಪಿಂಚಣಿಯಲ್ಲಿ ದಿನಸಿ ಬರುತ್ತದೆ, ಗ್ಯಾಸು ಬರುತ್ತದೆ, ಕರೆಂಟು ಬರುತ್ತದೆ. ಪಂಪು ಬರುವುದಿಲ್ಲ. ಹಾಗಾಗಿ ಪಂಪನ್ನು ದಿನ ಬಿಟ್ಟು ದಿನ ಸೇದಿದೆ. ಮಾತ್ರೆಯನ್ನು ಅರ್ಧ ಸ್ಟ್ರಿಪ್ ತಂದು ತಿಂಗಳಿಡೀ ಎಳೆದಾಡಿದೆ. ಡಾಕ್ಟರಮ್ಮನಿಗೆ ಎಲ್ಲ ಸರಿಯಾಗಿ ತೆಗೆದುಕೊಳ್ಳುತ್ತಿದ್ದೇನೆ ಎಂದು ಸುಳ್ಳು ಹೇಳಿದೆ. ನನ್ನ ಬಾಯಿ ಹೇಳದ್ದನ್ನು ಎದೆ ಹೇಳಿಬಿಟ್ಟಿತು. “ಹೀಗೇ ಮಾಡ್ತಾ ಇದ್ರೆ ನಿಮ್ಮ ಮನೆಯವರಿಗಿಂತ ಮೇಲಿನ ಮನೆಗೆ ಹೋಗ್ತೀರಿ, ನೋಡ್ಕೊಳ್ಳಿ” ಎಂದರು. ನಾವಿಬ್ಬರು ಮೇಲೆ ಕೆಳಗೆ ಇರುವ ವಿಷಯ ಆಸ್ಪತ್ರೆಗೂ ಗೊತ್ತು.

ಸರಕಾರದ ಔಷಧಿ ಕಾರ್ಡಿನ ಸುದ್ದಿ ತಂದವಳು ಪೀಪಿ. ನನ್ನ ಜೊತೆ ಡ್ಯೂಟಿ ಮಾಡುತ್ತಿದ್ದವಳು, ಮನೆಗೆ ಬಂದರೂ ಬಾಗಿಲು ತಟ್ಟದೆ ಸೀಟಿ ಊದುವವಳು, ಮರೆತಿರಲಾರಿರಿ. ಕಡಿಮೆ ವರಮಾನದವರು ಅರ್ಜಿ ಹಾಕಿದರೆ ಆ ಕಾರ್ಡು ಕೊಡುತ್ತಾರೆ. ಮೆಡಿಕಲ್ ಅಂಗಡಿಯಲ್ಲಿ ಅದನ್ನು ತೋರಿಸಿದರೆ ಔಷಧಿಯ ಬೆಲೆಯಲ್ಲಿ ಮುಕ್ಕಾಲು ಪಾಲು ಸರಕಾರ ಕಟ್ಟುತ್ತದೆ, ಉಳಿದದ್ದು ನಾವು ಕೊಟ್ಟರೆ ಸಾಕು. “ನಾವು ಸರಕಾರದ ಬಸ್ಸಿಗೆ ಜೀವ ತೇದಿಲ್ವಾ, ಅವರು ನಮ್ಮ ಜೀವಕ್ಕೆ ಸ್ವಲ್ಪ ತೇಯಲಿ” ಎಂದಳು ಪೀಪಿ. ಅವಳ ಮಾತು ನನಗೆ ಸರಿ ಎನಿಸಿತು.

ಮಾರನೆಯ ದಿನವೇ ಆ ಕಚೇರಿಗೆ ಹೋದೆ. ಅಲ್ಲಿ ಕುರ್ಚಿಗಳನ್ನೆಲ್ಲ ಒಂದೇ ಕಬ್ಬಿಣದ ಪಟ್ಟಿಗೆ ಬೆಸೆದಿದ್ದಾರೆ. ಒಬ್ಬರು ಕೆಮ್ಮಿದರೆ ಸಾಲಿಡೀ ಅಲುಗುತ್ತದೆ, ನಾನು ಹೋದ ಮೇಲಂತೂ ಯಾರಿಗೂ ನಿದ್ದೆ ಬರಲಿಲ್ಲ. ಕೌಂಟರಿನ ಗಾಜಿನ ತೂತು ಸೊಂಟದ ಮಟ್ಟಕ್ಕಿದೆ, ಮಾತಾಡಬೇಕಾದರೆ ಬಗ್ಗಲೇಬೇಕು. ಒಳಗೆ ಕೂತವಳು ಮಾತ್ರ ಒಳ್ಳೆಯ ಹುಡುಗಿ. ಮಕ್ಕಳು ಎಷ್ಟು ಎಂದು ಕೇಳಿದಳು. ಮಕ್ಕಳಿಲ್ಲ, ಗಡಿಯಾರಗಳಿವೆ ಎಂದೆ. ನಿಮ್ಮ ಮನೆಯವರು ಎಂದಳು. ಮೇಲಿನ ಮನೆಯವರು ಎಂದೆ.

“ಅಲ್ಲಮ್ಮ, ನಿಮ್ಮ ಮನೆಯವರು ಎಲ್ಲಿದ್ದಾರೆ ಅಂತ ಕೇಳಿದ್ದು.”

“ಅದನ್ನೇ ಹೇಳ್ತಾ ಇರೋದು. ನಮ್ಮ ಮನೆಯವರು ಈಗ ಮೇಲಿನ ಮನೆಯವರು.”

ಹುಡುಗಿ ಬರೆಯುವುದನ್ನು ನಿಲ್ಲಿಸಿ ಪೆನ್ನಿನ ತುದಿ ಕಚ್ಚಿದಳು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಒಂದೇ ಒಲೆಯಾದರೆ ಒಂದೇ ಸಂಸಾರ, ಇಬ್ಬರ ವರಮಾನವೂ ಕೂಡುತ್ತದೆ. ಒಲೆ ಬೇರೆ, ಬಾಳು ಬೇರೆ ಎಂದಾದರೆ ನನ್ನದು ಮಾತ್ರ ನೋಡುತ್ತಾರೆ. ಮನೆ ಸ್ವಂತದ್ದಾದರೂ ಅಡ್ಡಿಯಿಲ್ಲ, ಇರುವ ಮನೆ ಲೆಕ್ಕಕ್ಕಿಲ್ಲವಂತೆ. ನನ್ನ ಪಿಂಚಣಿಯೊಂದನ್ನೇ ನೋಡಿದರೆ ಕಾರ್ಡು ಖಂಡಿತ ಎಂದಳು. ನಿಮ್ಮ ಗಡಿಯಾರ ರಿಪೇರಿ ಅಂಗಡಿಯ ವರಮಾನ ಕೂಡಿದರೆ ಕಾರ್ಡಿನ ಆಸೆ ಬಿಡಬೇಕು ಎಂದು ನಾನೇ ಮನಸ್ಸಿನಲ್ಲಿ ಅಂದುಕೊಂಡೆ. ಬೇರೆ ಇರುವುದು ನಿಜವೋ ಎಂದು ನೋಡಲು ಮನೆಗೊಬ್ಬರನ್ನು ಕಳಿಸುತ್ತೇವೆ ಎಂದಳು. ಚೆಕಿಂಗಾ ಎಂದೆ. “ಹಾಗೇ ಅನ್ಕೊಳ್ಳಿ” ಎಂದಳು.

ಚೆಕಿಂಗ್ ಎಂದರೆ ನನಗೇನು ಹೆದರಿಕೆ. ಬಸ್ಸಿಗೆ ಚೆಕಿಂಗ್‌ನವರು ಹತ್ತಿದರೆ ಎಂಥೆಂಥ ಕಂಡಕ್ಟರುಗಳು ಬೆವರುವುದನ್ನು ನೋಡಿದ್ದೇನೆ. ನನ್ನ ಟಿಕೆಟ್ಟಿಗೂ ಚೀಲದ ದುಡ್ಡಿಗೂ ಎಂದೂ ತಾಳೆ ತಪ್ಪಿದ್ದಿಲ್ಲ. ಒಂಬತ್ತು ವರ್ಷದಿಂದ ಬೇರೆ ಇದ್ದೇವೆ, ಇದ್ದದ್ದನ್ನು ಇದ್ದ ಹಾಗೆ ತೋರಿಸುವುದು ಏನು ಮಹಾ ಎಂದುಕೊಂಡು ಬಂದೆ.

ಬೇರೆಯಾದದ್ದು ಯಾಕೆ ಎಂದು ಈಗ ಕೆದಕುವುದಿಲ್ಲ. ಸ್ವಲ್ಪ ಮಾತ್ರ ಕೆದಕುತ್ತೇನೆ. ನನ್ನ ಸರ್ವಿಸಿನ ಕೊನೆಯ ಟ್ರಿಪ್ಪಿನಲ್ಲಿ ಜೊತೆಗೆ ಕೂತು ಬಾ ಎಂದು ಕರೆದಿದ್ದೆ. ಬಾಗಿಲ ಪಕ್ಕದ ಸೀಟಿನ ಮೇಲೆ ನನ್ನ ಊಟದ ಚೀಲ ಇಟ್ಟು ಜಾಗ ಹಿಡಿದಿದ್ದೆ. ಯಾರು ಕೇಳಿದರೂ ಜನ ಬರ್ತಾರೆ ಎಂದೆ. ಕೊನೆಯ ಸ್ಟಾಪಿನವರೆಗೂ ಚೀಲವೇ ಪ್ರಯಾಣ ಮಾಡಿತು. ನೀವು ಯಾರದೋ ಗೋಡೆ ಗಡಿಯಾರ ಬಿಚ್ಚಿಕೊಂಡು ಕೂತಿದ್ದಿರಿ, ಹೊತ್ತು ಹೋದದ್ದೇ ಗೊತ್ತಾಗಲಿಲ್ಲವಂತೆ. ನಾಲ್ಕು ಗೋಡೆಗೂ ಗಡಿಯಾರ ತೂಗುಹಾಕಿಕೊಂಡು ಕೂತವರಿಗೆ. ನಾನು ಬಾಯಿಗೆ ಬಂದದ್ದು ಅಂದೆ. ನೀವು ಮುಖ ಊದಿಸಿಕೊಂಡು, ಬಾಡಿಗೆಗೆಂದು ಕಟ್ಟಿಸಿದ್ದ ಮೇಲಿನ ಮನೆಗೆ ಗಡಿಯಾರಗಳ ಸಮೇತ ಹತ್ತಿದಿರಿ.

ಅದೂ ಇರಲಿ, ಗಂಡ ಹೆಂಡಿರ ಜಗಳ, ಎಲ್ಲರ ಮನೆಯಲ್ಲೂ ಇದ್ದದ್ದು. ಮಾರನೆಯ ದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು “ನೀವು ಹಾಲು ತಗೊಂಡ್ರಾ?” ಎಂದಿರಲ್ಲ, ಅದು ನನಗೆ ಸಹಿಸಲಾಗಲಿಲ್ಲ. ಮದುವೆಯಾದಾಗಿನಿಂದ ನೀನು, ಬಾರೇ, ಹೋಗೇ ಎಂದವರು. ನಾನೂ ನಾಲ್ಕು ಜನರ ಮುಂದೆ ನೀವು, ಒಳಗೆ ಬಂದರೆ ನೀನು ಎನ್ನುತ್ತಿದ್ದವಳು. ಆ ‘ನೀವು’ ಕೇಳಿ ನನಗೆ ಅಳು ಬಂತು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಮರ್ಯಾದೆ ಕೊಟ್ಟರೆ ಏನು ಮಾಡುವುದು? ತಗೊಂಡೆ, ನೀವು ಬುಟ್ಟಿ ಇಳಿಸಿ ಎಂದೆ. ಅವತ್ತಿನಿಂದ ನಮ್ಮ ಸಂಸಾರ ಬಹುವಚನದಲ್ಲೇ ನಡೆಯಿತು.

ಚೆಕಿಂಗಿನ ಹಿಂದಿನ ದಿನದ ತಮಾಷೆ ನೆನಪಿದೆಯಲ್ಲ. ಕೆಳಗೆ ನಿಮ್ಮ ಸಾಮಾನು ಒಂದೂ ಕಾಣಬಾರದು ಎಂದು ಹುಡುಕಲು ಹೊರಟರೆ ನಿಮ್ಮ ಕೊಡೆ, ನಿಮ್ಮ ಸ್ವೆಟರು, ಶೇವಿಂಗ್ ಬ್ರಷ್ಷು ಎಲ್ಲ ಇಲ್ಲೇ. ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ಹಗ್ಗ ಜಗ್ಗಿದೆ. ಮೇಲಿನಿಂದ ಇಳಿದದ್ದು ನನ್ನ ಡಬ್ಬಿಗಳು. ಒಂದಲ್ಲ ಎರಡಲ್ಲ, ಬುಟ್ಟಿ ತುಂಬಾ, ಮತ್ತೆ ಇನ್ನೊಂದು ಬುಟ್ಟಿ ತುಂಬಾ. ಮಾಡಿದ್ದು ಹೆಚ್ಚಾದಾಗ ಡಬ್ಬಿಗೆ ಹಾಕಿ ಬುಟ್ಟಿಯಲ್ಲಿ ಇಟ್ಟದ್ದುಂಟು, ಸುಳ್ಳು ಯಾಕೆ ಹೇಳಲಿ. ಇಷ್ಟು ಸಲ ಹೆಚ್ಚಾಗಿತ್ತೇ ಎಂದು ನನಗೇ ಆಶ್ಚರ್ಯವಾಯಿತು. ಪಕ್ಕದ ಮನೆಯಾಕೆ ಕಿಟಕಿಯಲ್ಲಿ ತಲೆ ಹಾಕಿ “ಏನ್ರೀ, ಮತ್ತೆ ಒಂದಾಗ್ತಾ ಇದ್ದೀರಾ?” ಎಂದಳು. “ಇಲ್ಲಮ್ಮ, ಬೇರೆ ಆಗ್ತಾ ಇದ್ದೀವಿ” ಎಂದೆ. ಮೇಲೆ ನೀವು ನಕ್ಕದ್ದು ನನಗೆ ಕೇಳಿಸಿತು.

ಚೆಕಿಂಗ್ ಅಮ್ಮ ಬಂದರು. ನಾನು ದಪ್ಪ ಮೀಸೆಯ ಯಾರೋ ಬರುತ್ತಾರೆ ಎಂದುಕೊಂಡಿದ್ದೆ, ಬಂದದ್ದು ಕತ್ತಿಗೆ ಗುರುತಿನ ಚೀಟಿ ಕಟ್ಟಿಕೊಂಡ ಸಣ್ಣ ವಯಸ್ಸಿನವರು. ನೀರು ಕೊಟ್ಟೆ, ಬೇಡ ಎನ್ನದೆ ಕುಡಿದರು. ಎರಡು ಗ್ಯಾಸ್ ಸಿಲಿಂಡರ್ ನೋಡಿದರು, ಎರಡು ಕರೆಂಟ್ ಮೀಟರ್ ನೋಡಿದರು, ಎರಡು ಬೀಗ ನೋಡಿದರು. ಒಂದೊಂದಕ್ಕೂ ಗುರುತು ಹಾಕಿಕೊಂಡರು. ನಿಮ್ಮನ್ನು ಕರೆದು ಅಂಗಡಿ ಹೇಗೆ ನಡೆಯುತ್ತಿದೆ ಎಂದು ಕೇಳಿದರು. ನೀವು ಎದೆ ಸೆಟೆಸಿ ನಿಂತು “ಕೈತುಂಬ ಕೆಲಸ. ಪುರುಸೊತ್ತೇ ಇಲ್ಲ” ಎಂದಿರಿ. ಅದನ್ನೂ ಬರೆದುಕೊಂಡರು. ನಾವಿಬ್ಬರು ನೀವು ಹೇಳಿ, ಇಲ್ಲ ನೀವೇ ಹೇಳಿ ಎಂದು ಮಾತಾಡಿಕೊಂಡದ್ದನ್ನು ಕೇಳಿ ಅವರಿಗೆ ನಗು ಬಂತು. “ಇಷ್ಟು ಮರ್ಯಾದೆ ಇರೋ ಗಂಡ ಹೆಂಡ್ತೀನ ನಾನು ನೋಡಿಲ್ಲ. ಬೇರೆ ಇರೋದರಲ್ಲಿ ಅನುಮಾನವೇ ಇಲ್ಲ” ಎಂದರು. ಕಾರ್ಡು ನನ್ನ ಕೈಗೆ ಬಂದೇಬಿಟ್ಟಿತು ಎಂದುಕೊಂಡೆ.

ಆಮೇಲೆ ಮೇಲಿನ ಒಲೆ ಒಂದು ನೋಡಿಬಿಡುತ್ತೇನೆ ಎಂದರು. ನೀವು ಮುಂದೆ ಹತ್ತಿ ಹೋದಿರಿ, ಅವರು ನಿಮ್ಮ ಹಿಂದೆ. ನನ್ನನ್ನು ಯಾರೂ ಕರೆದಿರಲಿಲ್ಲ. ಆದರೆ ನನ್ನ ಡಬ್ಬಿ ಇನ್ನೊಂದು ಅಲ್ಲೇ ಉಳಿದಿದ್ದರೆ ಎಂಬ ಹೆದರಿಕೆಗೆ ನಾನೂ ಹಿಂದೆ ಹತ್ತಿದೆ. ತಿರುವಿನಲ್ಲಿ ಎದೆ ಕಟ್ಟಿಕೊಂಡಿತು. ಗೋಡೆ ಹಿಡಿದು ನಿಂತೆ. ಮೇಲಿನಿಂದ ನಿಮ್ಮ ಧ್ವನಿ ಬಂತು.

“ಏ, ಕೂತ್ಕೋ ನೀನು ಅಲ್ಲೇ. ಎಷ್ಟು ಸಲ ಹೇಳೋದು ನಿಂಗೆ, ಮೆಟ್ಟಿಲು ಹತ್ತಬೇಡ ಅಂತ.”

ಎಷ್ಟು ಸಲವೂ ಹೇಳಿರಲಿಲ್ಲ ನೀವು. ಮನಸ್ಸಿನಲ್ಲೇ ಹೇಳಿಕೊಂಡಿದ್ದಿರೋ ಏನೋ. ಚೆಕಿಂಗ್ ಅಮ್ಮನನ್ನು ಪಕ್ಕಕ್ಕೆ ಸರಿಸಿ ಇಳಿದು ಬಂದು, ನಿಮ್ಮ ಅಂಗಿ ಜೇಬಿನಿಂದ ಉಸಿರಿನ ಪಂಪು ತೆಗೆದು ನನ್ನ ಬಾಯಿಗೆ ಹಿಡಿದಿರಿ. ನನ್ನದೇ ಪಂಪು, ಅದೇ ಬಣ್ಣ, ಅದೇ ಕಂಪನಿ. ಅದು ನಿಮ್ಮ ಜೇಬಿಗೆ ಹೇಗೆ ಬಂತು ಎಂದು ಕೇಳಲು ನನಗೆ ಉಸಿರಿರಲಿಲ್ಲ. ಒಂದು ಸಲ ಸೇದಿದೆ. ನೀವು ನಾಲಿಗೆ ಕಚ್ಚಿಕೊಂಡು “ಈಗ ಹೇಗಿದೆ ನಿಮಗೆ?” ಎಂದಿರಿ. ನಾನು ಎಷ್ಟೋ ಹೊತ್ತು ಆ ಮೆಟ್ಟಿಲ ಮೇಲೇ ಕೂತಿದ್ದೆ. ಉಬ್ಬಸ ಜೋರಾಗಿದೆ ಎಂದು ನೀವಿಬ್ಬರೂ ಗಾಬರಿಯಾದಿರಿ.

ಚೆಕಿಂಗ್ ಅಮ್ಮ ಮೇಲಿನ ಒಲೆ ನೋಡಲೇ ಇಲ್ಲ. ಫೈಲು ಮುಚ್ಚಿ, “ಒಲೆ ಎರಡಿರಬಹುದು. ಇದು ಬೇರೆ ಸಂಸಾರ ಅಂತ ಬರೆಯೋಕೆ ನನ್ನ ಕೈ ಬರಲ್ಲ” ಎಂದು ಹೊರಟುಹೋದರು. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವರ ಹಾಗೆ ನಾವಿಬ್ಬರು ಮುಖ ಮುಖ ನೋಡಿಕೊಂಡೆವು.

ಮೊನ್ನೆ ಕಚೇರಿಯಿಂದ ಉತ್ತರ ಬಂದದ್ದು ನಿಮಗೂ ತೋರಿಸಿದೆ. ಒಂದೇ ಸಂಸಾರ ಎಂದು ಎಣಿಸಿದ್ದಾರೆ, ಕೈತುಂಬ ಕೆಲಸವಿರುವ ಅಂಗಡಿಯ ವರಮಾನ ಕೂಡಿದರೆ ಮಿತಿ ದಾಟುತ್ತದೆ, ಆದ್ದರಿಂದ ಕಾರ್ಡಿಲ್ಲ. ತಪ್ಪಿದೆ ಎನ್ನುವುದಾದರೆ ಸೋಮವಾರದೊಳಗೆ ತಿಳಿಸಬೇಕು. ನಿಮ್ಮ ಒಂದೇ ಒಂದು ‘ನೀನು’ ನನ್ನ ಔಷಧಿಗೆ ಕಲ್ಲು ಹಾಕಿತು ಎಂದು ನಿಮಗೆ ಸಂಕಟವಾಗಿದೆ, ಗೊತ್ತು. ಅದಕ್ಕೇ ಯಾವುದೇ ಸಂಬಂಧ ಇರುವುದಿಲ್ಲ ಎಂದು ಬರೆದುಕೊಟ್ಟಿರಿ. ನಾನು ಸಹಿ ಹಾಕಿ ಕೊಟ್ಟರೆ ಬಹುಶಃ ಕಾರ್ಡು ಸಿಗುತ್ತದೆ. ಇನ್ನು ನಿಮಗೆ ಗೊತ್ತಿಲ್ಲದ್ದು ಹೇಳುತ್ತೇನೆ.

ನಿನ್ನೆ ಬೆಳಿಗ್ಗೆ ನಿಧಾನವಾಗಿ, ಅಲ್ಲಲ್ಲಿ ಕೂತು ದಣಿವಾರಿಸಿಕೊಂಡು, ಮೆಡಿಕಲ್ ಅಂಗಡಿಗೆ ಹೋದೆ. ಅಂಗಡಿಯವನು ನನ್ನನ್ನು ನೋಡಿದ ಕೂಡಲೇ ಬಿ.ಪಿ. ಮಾತ್ರೆಯ ಸ್ಟ್ರಿಪ್ ತೆಗೆದು ಕತ್ತರಿಯಿಂದ ನಡುವೆ ಕತ್ತರಿಸಿದ. ಒಂದು ಅರ್ಧವನ್ನು ಕವರಿಗೆ ಹಾಕಿ ಮೇಲೆ ‘ಕೆಳಗೆ’ ಎಂದು ಬರೆದು ನನಗೆ ಕೊಟ್ಟ. ಇನ್ನೊಂದು ಅರ್ಧವನ್ನು ಇನ್ನೊಂದು ಕವರಿಗೆ ಹಾಕಿ ‘ಮೇಲೆ’ ಎಂದು ಬರೆದು ಪಕ್ಕಕ್ಕಿಟ್ಟ. ಅದು ಯಾರದು ಎಂದೆ.

“ನಿಮ್ಮ ಮನೆಯವರದ್ದು. ಇಬ್ಬರಿಗೂ ಒಂದೇ ಮಾತ್ರೆ ಅಲ್ವಾ ಅಮ್ಮ. ಬೇರೆಯವರು ಅರ್ಧ ಕೇಳಿದ್ರೆ ಉಳಿದರ್ಧ ಯಾರಿಗೆ ಮಾರೋದು ಅನ್ನೋ ತಲೆನೋವು. ನಿಮ್ಮಿಬ್ಬರಿಂದ ಆ ತಾಪತ್ರಯ ಇಲ್ಲ.”

ನನಗೆ ಗೊತ್ತಿದೆ ಎಂದುಕೊಂಡು ಅವನು ಹೇಳುತ್ತಲೇ ಹೋದ. ಕೈ ನಡುಕಕ್ಕೆ ಡಾಕ್ಟರು ಬರೆದ ಮಾತ್ರೆ ಮಾತ್ರ ಅವರು ಬೇಡ ಎನ್ನುತ್ತಾರೆ, ಆ ದುಡ್ಡಿಗೆ ಒಂದು ಪಂಪು ಕಟ್ಟಿಸಿಕೊಂಡು ಹೋಗುತ್ತಾರೆ, ಅವರಿಗೂ ಉಬ್ಬಸವಾ ಎಂದು ಕೇಳಿದ. ನಾನು ಅಲ್ಲೇ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ನಿಮ್ಮ ಮೇಲೆ ಎಂಥ ಸಿಟ್ಟು ಬಂತೆಂದರೆ ಹೇಳತೀರದು. ಅದರ ಹಿಂದೆಯೇ ಕಣ್ಣು ತುಂಬಿ ಬಂತು. ಅವನು ಪಾಪ ಹೆದರಿ ಫ್ಯಾನು ನನ್ನ ಕಡೆ ತಿರುಗಿಸಿದ.

ಅಲ್ಲಿಂದ ನಿಮ್ಮ ಅಂಗಡಿಗೆ ಹೋದೆ. ಷಟರು ಎಳೆದಿತ್ತು. ಪಕ್ಕದ ಬೀಗದ ಕೈ ಮಾಡುವವರನ್ನು ಕೇಳಿದರೆ, ಬರೆಯೋ ಕಾಗದ ತರೋಕೆ ಹೋದರು ಎಂದರು. ಮುಚ್ಚಳಿಕೆಗೆ ಎಂದು ನನಗೆ ಆಗ ತಿಳಿಯಲಿಲ್ಲ. ಕೈತುಂಬ ಕೆಲಸವಂತೆ ಎಂದೆ. ಅವರು ನನ್ನ ಮುಖ ನೋಡಿದರು. “ದೊಡ್ಡ ಕೆಲಸ ಬಿಟ್ಟು ಬಹಳ ದಿನ ಆಯ್ತು. ಈಗ ಬ್ಯಾಟರಿ ಹಾಕೋದು, ಬೆಲ್ಟ್ ಹಾಕೋದು ಅಷ್ಟೇ. ಸ್ಕ್ರೂ ಕೆಳಗೆ ಬಿದ್ರೆ ನಾನು ಹುಡುಕಿ ಕೊಡ್ತೀನಿ” ಎಂದರು. ಎಂಥ ನಿಂತ ಗಡಿಯಾರವನ್ನೂ ನಡೆಸುತ್ತಿದ್ದ ಕೈ ಅದು. ಸೊಟ್ಟ ಅಕ್ಷರದ ಗುಟ್ಟು ಸಂಜೆ ಕಾಗದ ನೋಡಿದಾಗ ಗೊತ್ತಾಯಿತು.

ಸುಸ್ತಾಗಿದ್ದರೂ ಅಲ್ಲಿಂದ ಸೀದಾ ಕಚೇರಿಗೆ ಹೋಗಿ ಕೌಂಟರಿನ ತೂತಿಗೆ ಬಗ್ಗಿದೆ. ಹುಡುಗಿ ಗುರುತು ಹಿಡಿದು ಒಳಗೆ ಕರೆದು ಕೂರಿಸಿದಳು. ಅಂಗಡಿಯಲ್ಲಿ ಹುರುಳಿಲ್ಲ ಎನ್ನುವ ನಿಜ ಹೇಳಿದೆ. ಅವಳು ಕೂಡಿ ನೋಡಿದಳು, ಮತ್ತೊಮ್ಮೆ ಕೂಡಿ ನೋಡಿದಳು. ನಾನು ಹಾಕಿದ್ದು ಒಬ್ಬಳ ಅರ್ಜಿ, ಗಂಡ ಹೆಂಡತಿ ಒಟ್ಟಿಗೆ ಹಾಕಿದರೆ ಮಿತಿಯೇ ಬೇರೆಯಂತೆ, ಒಬ್ಬರದ್ದಕ್ಕಿಂತ ಎಷ್ಟೋ ಹೆಚ್ಚು. ಬ್ಯಾಟರಿ ಬೆಲ್ಟಿನ ವರಮಾನವನ್ನು ನನ್ನ ಪಿಂಚಣಿಗೆ ಕೂಡಿದರೂ ಆ ಮಿತಿಗೆ ಬಹಳ ಕೆಳಗೇ ನಿಲ್ಲುತ್ತದೆ. “ಇಬ್ಬರಿಗೂ ಕಾರ್ಡು ಸಿಗುತ್ತಮ್ಮ. ನಿಮ್ಮ ಪಂಪು, ಅವರ ಮಾತ್ರೆ, ಎಲ್ಲದಕ್ಕೂ” ಎಂದಳು. ನನಗೆ ಎದ್ದು ಸೀಟಿ ಊದಬೇಕು ಎನಿಸಿತು.

ಒಂದು ಷರತ್ತಿದೆ. ಸೋಮವಾರ ಇಬ್ಬರೂ ಹೋಗಬೇಕು, ಒಂದೇ ಸಂಸಾರ ಎಂದು ಅವಳ ಮುಂದೆ ಸಹಿ ಹಾಕಬೇಕು. ಅಂಗಡಿ ಹೇಗೆ ನಡೆಯುತ್ತಿದೆ ಎನ್ನುವುದನ್ನು ನೀವೇ ನಿಮ್ಮ ಬಾಯಿಂದ ಹೇಳಬೇಕು. ನಾನು ಹೇಳಿದರೆ ನಡೆಯುವುದಿಲ್ಲವಂತೆ. ನಿಮಗೆ ಅದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಹೊರಗೆ ಕೂತವರಿಗೆ ಕೇಳದ ಹಾಗೆ ಮೆಲ್ಲಗೆ ಹೇಳಬಹುದು, ತೂತು ಕೆಳಗಿರುವುದರ ಒಂದು ಅನುಕೂಲ ಅದು. ಡಾಕ್ಟರ ಚೀಟಿಗಳನ್ನೆಲ್ಲ ತನ್ನಿ. ನಡುಕದ ಚೀಟಿಯನ್ನು ಗಡಿಯಾರದ ಡಬ್ಬಿಯಲ್ಲಿ ಮುಚ್ಚಿಟ್ಟು ಬರಬೇಡಿ.

ನನಗೆ ಔಷಧಿ ಬೇಕು. ಇನ್ನೂ ಬಹಳ ದಿನ ಉಸಿರಾಡಿಕೊಂಡು ಇರಬೇಕೆಂಬ ಆಸೆ ನನಗಿದೆ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಸದರಿ ಮಹಿಳೆಯಾಗಿ ಕಾರ್ಡು ಹಿಡಿದುಕೊಂಡು ಬಂದು, ಮೇಲಿನ ಮನೆಯಲ್ಲಿ ಕೈ ನಡುಗಿಸಿಕೊಂಡು ನೀವು ಕೂತಿರುವಾಗ ಕೆಳಗೆ ಕೂತು ಪಂಪು ಸೇದಲು ನನ್ನಿಂದಾಗದು. ನೀವು ಸೋಮವಾರ ಬರದಿದ್ದರೆ ಇಬ್ಬರಿಗೂ ಕಾರ್ಡಿಲ್ಲ. ಈ ಹಟ ನಿಮ್ಮಿಂದಲೇ ಕಲಿತದ್ದು.

ಸೋಮವಾರ ಬೆಳಿಗ್ಗೆ ಹಾಲು ಬಂದ ಮೇಲೆ ಹೊರಡುವ ಮೊದಲ ಬಸ್ಸು. ಮೆಟ್ಟಿಲು ಇಳಿಯುವುದು ನಿಮ್ಮ ಕೆಲಸ, ಹತ್ತಲು ನನಗೆ ಅಪ್ಪಣೆಯಿಲ್ಲ. ನನ್ನ ನಡಿಗೆ ನಿಧಾನ, ಸ್ಟಾಪಿಗೆ ನಾನು ಮುಂಚೆ ಹೋಗಿರುತ್ತೇನೆ. ಬಸ್ಸು ಹತ್ತಿ ಬಾಗಿಲ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟು ಜಾಗ ಹಿಡಿದಿರುತ್ತೇನೆ. ಈಗಿನ ಕಂಡಕ್ಟರಿಗೆ ನಾನು ಯಾರೆಂದು ಗೊತ್ತಿಲ್ಲ. ಚೀಲಕ್ಕೂ ಟಿಕೆಟ್ ತಗೊಳ್ಳಿ ಎಂದರೆ ತೆಗೆದುಕೊಳ್ಳುತ್ತೇನೆ. ಜನ ಬರ್ತಾರೆ ಎಂದು ಹೇಳುತ್ತೇನೆ.

ಬುಟ್ಟಿ ಕೆಳಗೆ ಇಳಿಸುವಾಗ ಡಬ್ಬಿ ಇಟ್ಟು ಇಳಿಸಿ. ಒಂದು ಇನ್ನೂ ಬರಬೇಕು, ನೀಲಿ ಮುಚ್ಚಳದ್ದು.

ಇಂತು ತಮ್ಮ,
ಯಾವುದೇ ಸಂಬಂಧ ಇಲ್ಲದ
ಸದರಿ ಮಹಿಳೆ

ತಾ.ಕ.: ಕಾಗದದ ಜೊತೆ ನನ್ನ ಅರ್ಧ ಸ್ಟ್ರಿಪ್ ಇಟ್ಟಿದ್ದೇನೆ. ಇವತ್ತಿನದು ನುಂಗಿಯಾಯಿತು, ಹೆದರಬೇಡ. ಔಷಧಿಯ ಹೆಸರು ನನ್ನ ಅರ್ಧದಲ್ಲಿದೆ, ಯಾವ ತಾರೀಕಿನವರೆಗೆ ಚೆನ್ನಾಗಿರುತ್ತದೆ ಎನ್ನುವುದು ನಿನ್ನ ಅರ್ಧದಲ್ಲಿರಬೇಕು. ಎರಡನ್ನೂ ಜೋಡಿಸಿ ನೋಡಿ ಹೇಳು. ಇನ್ನೊಂದು ಮಾತು. ಅವತ್ತು ಮೆಟ್ಟಿಲ ಮೇಲೆ ಒಂದು ಸಲ ಪಂಪು ಸೇದಿದ ಕೂಡಲೇ ನನ್ನ ಉಸಿರು ಸರಿಹೋಗಿತ್ತು. ಆಮೇಲೂ ಅಷ್ಟು ಹೊತ್ತು ಕೂತಿದ್ದು, ನೀನು ಇನ್ನೊಂದು ಸಲ ಹಾಗೆ ಕರೆಯುತ್ತೀಯೇನೋ ಎಂದು.